ಎಎಂಎಚ್ ಅಂಕೆಗೆ ಅಂಜುವ ಮುನ್ನ

ಗೋಷಾ ಎಂದರೆ ಪರದೆ. ಗಂಡಸರ ಕಣ್ಣಿಗೆ ಬೀಳದ ಹೆಣ್ಣುಮಕ್ಕಳ ಹೆರಿಗೆಗೊಂದು ನೆಲೆ ಇರಲೆಂದು ಎದ್ದದ್ದು ಬೆಂಗಳೂರು ಶಿವಾಜಿನಗರದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆ. ಕಾಲ ಬದಲಾಯಿತು, ಆದರೆ ‘ಇನ್ನೂ ಮಗು ಆಗಿಲ್ಲವಾ’ ಎಂಬ ಮಾತು ಈಗಲೂ ಹೆಣ್ಣಿನ ಕಿವಿಯಲ್ಲೇ ಪಿಸುಗುಡುತ್ತದೆ. ಆ ಪಿಸುಮಾತಿಗೆ ಹೆದರಿ ಲ್ಯಾಬಿಗೆ ಓಡುವವರಿಗಾಗಿ ಈ ಸೂತ್ರಗಳು.

1. ಮೊದಲು ಡಾಕ್ಟರು, ಆಮೇಲೆ ಸೂಜಿ. 35 ದಾಟದವರು ಒಂದು ವರ್ಷ, ದಾಟಿದವರು 6 ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಹೋಗಿ. ಮುಟ್ಟು ಏರುಪೇರಾಗಿದ್ದರೆ, ಅಂಡಾಶಯಕ್ಕೆ ಆಪರೇಷನ್ ಆಗಿದ್ದರೆ, ತಾಯಿಗೋ ಅಕ್ಕನಿಗೋ 40ಕ್ಕೆ ಮೊದಲೇ ಮುಟ್ಟು ನಿಂತಿದ್ದರೆ ಕಾಯಲೇಬೇಡಿ. ಗೋಷಾದಲ್ಲೂ ಬೌರಿಂಗ್ ಆಸ್ಪತ್ರೆಯಲ್ಲೂ ಹೆಂಗಸರ ಓಪಿಡಿ ಇದೆ.

2. ದಿನ ಎಣಿಸಿ. ಸರಿಯಾಗಿ ಸ್ರಾವ ಶುರುವಾದ ದಿನವೇ ಮೊದಲ ದಿನ. ಹಿಂದಿನ ದಿನದ ಕಲೆ ಲೆಕ್ಕಕ್ಕಿಲ್ಲ. ಎಫ್‌ಎಸ್‌ಎಚ್, ಎಸ್ಟ್ರಾಡಿಯಾಲ್ ಎಂಬ ಎರಡು ಹಾರ್ಮೋನ್ ಪರೀಕ್ಷೆಗಳಿಗೂ 2ರಿಂದ 4ನೇ ದಿನದೊಳಗೆ ರಕ್ತ ಕೊಡಿ. ಅಂಡಾಣುಗಳ ದಾಸ್ತಾನು ಅಂದಾಜಿಸುವ ಎಎಂಎಚ್‌ಗೆ ಯಾವ ದಿನವಾದರೂ ಸರಿ.

3. ಎಫ್‌ಎಸ್‌ಎಚ್ ಒಂದನ್ನೇ ನಂಬಬೇಡಿ. ಎಸ್ಟ್ರಾಡಿಯಾಲ್ ಏರಿದ್ದರೆ ಅದು ಎಫ್‌ಎಸ್‌ಎಚ್ ಅನ್ನು ತಗ್ಗಿಸಿ, ಇರುವ ತೊಂದರೆಯನ್ನು ಮುಚ್ಚಿಡುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು.

4. ಎಎಂಎಚ್ ಏನನ್ನು ಹೇಳುತ್ತದೆಂದು ತಿಳಿದುಕೊಳ್ಳಿ. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ 10–20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ 3–4 ಲಕ್ಷ ಉಳಿದಿರುತ್ತವೆ. ಅಂಡಾಣುಗಳನ್ನು ಹೊತ್ತು ಬೆಳೆಯುತ್ತಿರುವ ಪುಟ್ಟ ಕೋಶಕಗಳು ಸ್ರವಿಸುವ ಹಾರ್ಮೋನೇ ಎಎಂಎಚ್. ಉಗ್ರಾಣದಲ್ಲಿ ಎಷ್ಟು ಕಾಳು ಉಳಿದಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಕಾಳು ಗಟ್ಟಿಯೋ ಜೊಳ್ಳೋ ಎಂಬುದಕ್ಕೆ ನಿಮ್ಮ ವಯಸ್ಸೇ ಹೆಚ್ಚು ನಂಬಲರ್ಹ ಸುಳಿವು. ಅಮೆರಿಕದಲ್ಲಿ ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವಯಸ್ಸಿನ 750 ಮಹಿಳೆಯರನ್ನು ಗಮನಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು: ಎಎಂಎಚ್ ಕಡಿಮೆಯಿದ್ದವರೂ ಉಳಿದವರಷ್ಟೇ ಸಹಜವಾಗಿ ಗರ್ಭ ಧರಿಸಿದ್ದರು. ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಗೆ ಇಳಿದಾಗ ಮಾತ್ರ ಈ ಅಂಕೆಗೆ ನಿಜವಾದ ಬೆಲೆ. ಇಂಜೆಕ್ಷನ್ ಎಷ್ಟು ಕೊಡಬೇಕು, ಎಷ್ಟು ಅಂಡಾಣು ಸಿಕ್ಕೀತು ಎಂಬುದನ್ನು ಡಾಕ್ಟರು ಇದರಿಂದಲೂ ಸ್ಕ್ಯಾನಿಂಗ್‌ನಲ್ಲಿ ಕಾಣುವ ಕೋಶಕಗಳ ಎಣಿಕೆಯಿಂದಲೂ ಅಂದಾಜಿಸುತ್ತಾರೆ. ಮದುವೆ ಯಾವಾಗ, ಮಗು ಯಾವಾಗ ಎಂದು ಈ ಒಂದು ಅಂಕೆ ನೋಡಿ ನಿರ್ಧರಿಸಬೇಡಿ. ದಯವಿಟ್ಟು.

5. ಅಂಕೆಯ ಪಕ್ಕದ ಅಳತೆ ನೋಡಿ. ಎಎಂಎಚ್‌ನಲ್ಲಿ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಎಂದರೆ ಲೀಟರಿಗೆ 7.14 ಪಿಕೋಮೋಲ್. ಹಳೆಯ ರಿಪೋರ್ಟಿನಲ್ಲಿ ಒಂದು ಅಳತೆ, ಹೊಸದರಲ್ಲಿ ಇನ್ನೊಂದು ಇದ್ದರೆ, ಏನೂ ಬದಲಾಗದಿದ್ದರೂ ಎದೆ ಧಸಕ್ಕೆನ್ನುತ್ತದೆ.

6. ನುಂಗುವ ಮಾತ್ರೆಗಳನ್ನೆಲ್ಲ ಹೇಳಿ. ಗರ್ಭನಿರೋಧಕ ಮಾತ್ರೆ ಎಎಂಎಚ್ ಅನ್ನು ತಾತ್ಕಾಲಿಕವಾಗಿ ಇಳಿಸುತ್ತದೆ. ಕೂದಲಿಗೆಂದು ತಿನ್ನುವ ಬಯೋಟಿನ್ ಕೆಲವು ಹಾರ್ಮೋನ್ ಪರೀಕ್ಷೆಗಳ ದಾರಿ ತಪ್ಪಿಸಬಲ್ಲದು.

7. ಹೆಚ್ಚಿದ್ದರೆ ಒಳ್ಳೆಯದೆಂದೂ ಬೀಗಬೇಡಿ. ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇರುವವರಲ್ಲಿ ಎಎಂಎಚ್ ಏರಿರುತ್ತದೆ, ಅಂಡಾಣು ಮಾತ್ರ ತಿಂಗಳು ತಿಂಗಳು ಬಿಡುಗಡೆಯಾಗುವುದಿಲ್ಲ. ಬಿಡುಗಡೆಯಾಯಿತೇ ಎಂದು ತಿಳಿಯಲು ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ಪ್ರೊಜೆಸ್ಟರಾನ್ ನೋಡಿಸುತ್ತಾರೆ. ಥೈರಾಯಿಡ್, ಪ್ರೊಲ್ಯಾಕ್ಟಿನ್ ಏರುಪೇರಿಗೆ ಮಾತ್ರೆಯಿದೆ. ಆ ಪರೀಕ್ಷೆಗಳನ್ನು ಬಿಡಬೇಡಿ.

8. ಗಂಡನನ್ನೂ ಕರೆದೊಯ್ಯಿರಿ. ಮಗುವಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಹೀಗಿದ್ದೂ ಸೊಸೆಯ ತೋಳಿಗೆ ಹತ್ತು ಸಲ ಸೂಜಿ ಚುಚ್ಚಿದ ಮೇಲೆ ಮಗನ ವೀರ್ಯ ಪರೀಕ್ಷೆಯ ಮಾತು ಬರುವುದು ಅನ್ಯಾಯ. ಅದಕ್ಕೆ ಸೂಜಿಯೂ ಬೇಡ; 2ರಿಂದ 7 ದಿನದ ಸಂಯಮ ಸಾಕು. ನೀವು ಮೊದಲ ಬಾರಿ ರಕ್ತ ಕೊಡುವ ವಾರದಲ್ಲೇ ಅವರ ಪರೀಕ್ಷೆಯೂ ಮುಗಿಯಲಿ, ಎರಡು ರಿಪೋರ್ಟೂ ಡಾಕ್ಟರ ಮೇಜಿನ ಮೇಲೆ ಒಟ್ಟಿಗೇ ಬರಲಿ.