ಗಿಡ್ಡಗಾಲಿನವಳ ಮಳೆಗಾಲ

ತೀರ್ಥಹಳ್ಳಿಯ ಸೀಮೆಯಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ, ಪುನರ್ವಸು ಪುಷ್ಯಗಳನ್ನು ದಾಟಿ ಆಶ್ಲೇಷವು ತೀರುವ ಆಗಸ್ಟ್ ಮಾಸದ ನಡುವಿನವರೆಗೂ, ಸೂರ್ಯದರ್ಶನವು ಪುಣ್ಯವಂತರಿಗೆ ಮಾತ್ರ ಲಭಿಸತಕ್ಕ ವಸ್ತುವಾಗುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯು ನಮಗೆ ನೆರೆಯೂರು. ಇಂಥ ನಾಡಿಗೆ, ಬ್ಯಾಜರೆಂಬ ಪ್ರಾಣಿಯನ್ನು ಬಿಲಕ್ಕೆ ನುಗ್ಗಿ ಹಿಡಿಯಲೆಂದು ಜರ್ಮನರು ಉದ್ದೇಶಪೂರ್ವಕವಾಗಿ ಗಿಡ್ಡಗಾಲಿನದನ್ನಾಗಿ ಬೆಳೆಸಿದ ಡ್ಯಾಷ್‌ಹೌಂಡ್ ತಳಿಯ ನಾಯಿಯೊಂದನ್ನು ಮಗಳು ಬೆಂಗಳೂರಿನಿಂದ ತಂದು ನಮ್ಮ ವಶಕ್ಕೊಪ್ಪಿಸಿದಳು. ಹೆಸರು ಚಿನ್ನಿ.

ಬೇಸಗೆಯಲ್ಲಿ ಅಡಕೆ ತೋಟವನ್ನೆಲ್ಲ ಅಳೆದುಬರುತ್ತಿದ್ದ ಈ ಚಿನ್ನಿ, ಮಳೆ ಹಿಡಿದೊಡನೆ ಜಗಲಿಯಂಚಿನಲ್ಲಿ ನಿಂತು, ಮೂಗನ್ನು ಗಾಳಿಗೊಡ್ಡಿ, ಲೋಕವು ವಾಸಯೋಗ್ಯವಲ್ಲವೆಂದು ನಿಶ್ಚಯಿಸಿ ಬಚ್ಚಲೊಲೆಯ ಬಳಿಗೆ ಹಿಂದಿರುಗಿಬಿಡುತ್ತಿದ್ದಳು. ದಿನದ ಬಹುಭಾಗ ಮೂತ್ರವನ್ನು ತಡೆದಿಟ್ಟುಕೊಂಡು, ತಾಳಲಾರದಾದಾಗ ಪಣತದ ಹಿಂದಣ ಕತ್ತಲೆಯಲ್ಲಿ ಕಾರ್ಯ ಮುಗಿಸುವಳು. “ಅಂಗಳಕ್ಕೆ ಎಸೆದು ಬಾಗಿಲು ಹಾಕಿಕೊಳ್ಳಿ, ತಾನೇ ಕಲೀತದೆ” ಎಂದು ನೆರೆಯವರು ಉಪದೇಶಿಸಿದರು. ಅದರಿಂದ ನಾಯಿ ಕಲಿಯುವುದು ಬಾಗಿಲಿಗೆ ಹೆದರುವುದನ್ನು ಮಾತ್ರವೆಂಬುದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಅದೇ.

ನಾನು ಮಾಡಿದ್ದು, ಮೆಟ್ಟಿಲ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಅಂಗಳವನ್ನು ಅವಳ ಎತ್ತರದಿಂದ ಅವಲೋಕಿಸಿದ್ದು. ನಮಗೆ ಮಳೆ ಮೇಲಿನಿಂದ ಬರುತ್ತದೆ. ಆದಕಾರಣವೇ ಕೊಡೆ, ಗೊರಬು, ಕಂಬಳಿಕೊಪ್ಪೆಗಳೆಂಬ ನಮ್ಮ ಸಮಸ್ತ ರಕ್ಷಣೋಪಾಯಗಳೂ ಮೇಲ್ಮುಖವಾದವು. ನೆಲಕ್ಕೆ ತಾಗುವಂತೆ ಹೊಟ್ಟೆಯುಳ್ಳ ಪ್ರಾಣಿಗಾದರೋ ಮಳೆ ಬರುವುದು ಕೆಳಗಿನಿಂದ: ಸೂರಿನ ನೀರು ಕಲ್ಲಿಗೆ ಬಡಿದು ಚಿಮ್ಮುವ ಕೆಸರು, ರೋಮವಿರಳವಾದ ಉದರವನ್ನು ಒರಸುವ ತೊಯ್ದ ಹುಲ್ಲು. ಕಿರಿದಾದ ಶರೀರವು ಹಿರಿದಾದುದಕ್ಕಿಂತ ಬೇಗನೆ ಶಾಖವನ್ನು ಕಳೆದುಕೊಳ್ಳುತ್ತದೆ. ಅದಲ್ಲದೆ, ನಾಯಿಯು ತನ್ನ ಸ್ಥಳವನ್ನು ಗುರುತಿಸುವುದು ಪ್ರಧಾನವಾಗಿ ಘ್ರಾಣದಿಂದ. ಆ ಗುರುತನ್ನೂ ಮಳೆಯೇ ತೊಳೆದೊಯ್ದಿರುತ್ತದೆ. ಮೇಲೆ ಕೊಡೆ ಹಿಡಿದರೆ ಪ್ರಯೋಜನವಿಲ್ಲದ್ದು ಮಾತ್ರವಲ್ಲ, ಹನಿಗಳ ಆ ಡಬಡಬ ಸದ್ದಿಗೆ ಅವಳು ಬಾಲ ಮುದುರಿ ಹಿಂದೆ ಸರಿಯುತ್ತಿದ್ದಳು.

ಆದ್ದರಿಂದ ಕಟ್ಟಿಗೆ ಕೊಟ್ಟಿಗೆಯ ಒಂದು ಮೂಲೆಯನ್ನು ತೆರವು ಮಾಡಿಸಿ, ಹಿತ್ತಲಿನಲ್ಲಿ ಅವಳು ನಿತ್ಯವೂ ಆರಿಸಿಕೊಳ್ಳುತ್ತಿದ್ದ ಜಾಗದ ಮಣ್ಣನ್ನೇ ತಂದು ಹರಡಿ, ಮೇಲೆ ಒಣ ದರಗು ಹಾಸಿ, ಪಣತದ ಹಿಂದೆ ಒರಸಿದ ಬಟ್ಟೆಯನ್ನು ಅಲ್ಲಿಟ್ಟೆ. ಕೊಟ್ಟಿಗೆಯವರೆಗಿನ ಹುಲ್ಲನ್ನು ಬುಡಮಟ್ಟ ಸವರಿಸಿದೆ. ಮೆಟ್ಟಿಲಿಗೆ ಹಲಗೆಯೊಂದನ್ನು ಇಳಿಜಾರಾಗಿ ಒರಗಿಸಿ, ಜಾರದಂತೆ ಗೋಣಿ ಹೊಡೆಸಿದೆ. ಈ ನೀಳಬೆನ್ನಿನ ತಳಿಗೆ ಬೆನ್ನುಮೂಳೆಯ ನಡುವಣ ಬಿಲ್ಲೆಗಳು ಜರುಗುವ ವ್ಯಾಧಿ ಸುಲಭವಾಗಿ ತಗಲುವುದರಿಂದ ಮೆಟ್ಟಿಲಿನಿಂದ ಹಾರಗೊಡಬಾರದು. ಮಳೆ ಕೊಂಚ ಹೊಳವಾದೊಡನೆ, ಊಟವನ್ನಾದರೂ ಅರ್ಧಕ್ಕೆ ಬಿಟ್ಟು, ಹಗ್ಗ ಹಿಡಿದು ಮೌನವಾಗಿ ಕರೆದೊಯ್ಯುವುದು. ಕಾರ್ಯ ಮುಗಿದ ಕ್ಷಣದಲ್ಲಿ, ಅಲ್ಲಿಯೇ, ಒಂದು ಚೂರು ಕಾಯಿ ಕೊಡುವುದು. ಒಳಗೆ ಬಂದ ಮೇಲೆ ಕೊಟ್ಟರೆ ಅವಳಿಗದು ಒಳಗೆ ಬಂದದ್ದಕ್ಕೆ ದೊರೆತ ಬಹುಮಾನ! ಪುಷ್ಯ ಮಳೆಯ ಹೊತ್ತಿಗೆ ಹಗ್ಗವನ್ನು ಎಳೆಯುತ್ತಿದ್ದವಳು ಅವಳೇ.

ಹಿಂದಿರುಗಿದೊಡನೆ ಹೊಟ್ಟೆಯನ್ನೂ ಬೆರಳಸಂದುಗಳನ್ನೂ ಒರಸುವುದು, ಕಿವಿಯ ಹಿಂದೆ ಇಂಬಳ ಕಚ್ಚಿದೆಯೇ ಎಂದು ನೋಡುವುದು ನಿತ್ಯಕರ್ಮವಾಯಿತು. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಮನುಷ್ಯರಿಗೆ ಬರುವ ಇಲಿಜ್ವರವೇ ನಾಯಿಗಳಿಗೂ ಬರುವುದರಿಂದ, ಅದರ ಲಸಿಕೆಯನ್ನು ಮಳೆಗೆ ಮುನ್ನವೇ ಹಾಕಿಸುವುದು ಲೇಸು.

ಬಿಸಿಲು ಬಂದಮೇಲೆ ಚಿನ್ನಿಯು ಪುನಃ ತೋಟಕ್ಕೆ ಹೋಗುವಳೆಂದೂ, ಮೂಲೆ ನಮಗೆ ಮರಳುವುದೆಂದೂ ಮನೆಯವಳಿಗೆ ನಾನು ಮಾತು ಕೊಟ್ಟಿದ್ದೆ. ಮಾಘ ಕಳೆದರೂ ಚಿನ್ನಿಯು ಆ ಮೂಲೆಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಸೌದೆಯನ್ನು ಈಗ ಜಗಲಿಯಲ್ಲಿ ಒಟ್ಟುತ್ತಿದ್ದೇವೆ.