ನಿವೇಶನ ಕೊಳ್ಳುವ ಮುನ್ನ

ಭೂಮಿಗೆ ಹಾಕಿದ ಹಣ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹಿರಿಯರು ಹೇಳುವುದುಂಟು. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐ.ಎಂ.ಎ. ಕಂಪೆನಿ ಬಾಗಿಲು ಮುಚ್ಚಿ, ಹಲಾಲ್ ಹೂಡಿಕೆಯೆಂದು ನಂಬಿ ಹಣ ತೊಡಗಿಸಿದ್ದ ಸಾವಿರಾರು ಕುಟುಂಬಗಳು ಕೈ ಸುಟ್ಟುಕೊಂಡ ಮೇಲಂತೂ ಈ ಮಾತಿಗೆ ನಮ್ಮವರಲ್ಲಿ ಇನ್ನಷ್ಟು ಬೆಲೆ ಬಂದಿದೆ. ಗಲ್ಫಿನಲ್ಲಿ ದುಡಿದು ಉಳಿಸಿದ್ದು, ನಿವೃತ್ತಿಯಾದಾಗ ಕೈಗೆ ಬಂದದ್ದು, ಮಗಳ ಮದುವೆಗೆಂದು ಕೂಡಿಟ್ಟದ್ದು ಎಲ್ಲವೂ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕಡೆಗೆ ಹರಿಯುತ್ತಿದೆ. ಭೂಮಿ ಓಡಿಹೋಗುವುದಿಲ್ಲವೆಂಬುದೇನೋ ನಿಜ. ಆದರೆ ನೀವು ಹಣ ಕೊಟ್ಟು ಪಡೆಯುವುದು ಆ ಮಣ್ಣಿನ ಮೇಲೆ ಮಾರುವವನಿಗೆ ಇರುವ ಹಕ್ಕನ್ನು. ಅವನಿಗೆ ಹಕ್ಕೇ ಇಲ್ಲದಿದ್ದರೆ ಮಣ್ಣು ಇದ್ದಲ್ಲೇ ಇರುತ್ತದೆ, ನಿಮ್ಮದಾಗಿರುವುದಿಲ್ಲ.

ತನ್ನ ಬಳಿ ಇಲ್ಲದುದನ್ನು ಮಾರಬಾರದೆಂದು ಪ್ರವಾದಿ(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ತಾಕೀತು ಮಾಡಿದ್ದನ್ನು ನಾವು ಓದಿದ್ದೇವೆ. ಅನ್ಯಾಯವಾಗಿ ಗೇಣುದ್ದ ನೆಲ ಕಬಳಿಸಿದವನಿಗೆ ಪರಲೋಕದಲ್ಲಿ ಏನು ಕಾದಿದೆ ಎಂಬುದೂ ಗೊತ್ತಿದೆ. ಆದರೆ ಇವೆಲ್ಲ ಮಾರುವವನಿಗೆ ಹೇಳಿದ ಮಾತುಗಳೆಂದು ಭಾವಿಸಿ ಸುಮ್ಮನಾಗುತ್ತೇವೆ. ವಿಚಾರಿಸದೆ ಕೊಂಡವನೂ ಇನ್ನೊಬ್ಬರ ಪಾಲಿನ ಮೇಲೆ ಗೋಡೆ ಎಬ್ಬಿಸಬಲ್ಲ. ಕಾಗದಪತ್ರ ಕೇಳಿದರೆ ಮಾರುವವರು ಬೇಸರಪಟ್ಟುಕೊಂಡಾರು ಎಂಬ ಸಂಕೋಚ ಇಲ್ಲಿ ಸಲ್ಲದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಅಲ್‌ಬಕರ ಅಧ್ಯಾಯದ 282ನೇ ಸೂಕ್ತದಲ್ಲಿ ಅಷ್ಟು ವಿವರವಾಗಿ ಆದೇಶಿಸಿರುವುದು ಪರಸ್ಪರ ನಂಬಿಕೆ ಇರುವವರಿಗೂ ಅನ್ವಯವಾಗುತ್ತದೆ.

ಮೊದಲು ಆ ಜಮೀನು ಮೂಲದಲ್ಲಿ ಯಾರದೆಂದು ಕೇಳಿ. ಈ ಜಿಲ್ಲೆಯ ಎಷ್ಟೋ ಸರ್ವೆ ನಂಬರುಗಳು ಹಿಂದೆ ಸರಕಾರ ಭೂಹೀನರಿಗೆ ಮಂಜೂರು ಮಾಡಿದವು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಮಾರಿದರೆ, 1978ರ ಪಿ.ಟಿ.ಸಿ.ಎಲ್. ಕಾನೂನಿನ ಪ್ರಕಾರ ಆ ಮಾರಾಟವೇ ಅಸಿಂಧು. ಜಮೀನನ್ನು ಮೂಲ ಮಂಜೂರಾತಿದಾರನ ಕುಟುಂಬಕ್ಕೆ ಮರಳಿಸಬಹುದು. 'ಅದೆಲ್ಲ ಇಪ್ಪತ್ತು ವರ್ಷ ಹಳೆಯ ಕಥೆ ಬಿಡಿ ಸಾರ್' ಎಂದು ದಲ್ಲಾಳಿ ಹೇಳಬಹುದು. ಆದರೆ 2023ರಲ್ಲಿ ಆ ಕಾನೂನಿಗೆ ತಿದ್ದುಪಡಿ ತಂದು, ಮರಳಿ ಕೇಳಲು ಕಾಲಮಿತಿಯಿಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಬಡವನೊಬ್ಬನಿಗೆ ಬದುಕಲೆಂದು ಕೊಟ್ಟ ಎರಡೆಕರೆಯನ್ನು ಯಾರೋ ಅಗ್ಗಕ್ಕೆ ಬರೆಸಿಕೊಂಡು, ತುಂಡು ಮಾಡಿ ನಿಮಗೆ ಮಾರುತ್ತಿರಬಹುದು. ಕಾನೂನಿನ ಭಯ ಒಂದು ಕಡೆ ಇರಲಿ, ಅಂಥ ನೆಲದ ಮೇಲೆ ನೆಮ್ಮದಿಯಾಗಿ ನಮಾಝ್ ಮಾಡಲು ಮನಸ್ಸು ಒಪ್ಪೀತೇ? ಮಂಜೂರಾತಿ ಆದೇಶವನ್ನೂ ಸಾಗುವಳಿ ಚೀಟಿಯನ್ನೂ ತರಿಸಿ ನೋಡಿ.

ಇನ್ನೊಂದು ಹಕ್ಕು ಹೆಣ್ಣುಮಕ್ಕಳದು. ಪಿತ್ರಾರ್ಜಿತ ಜಮೀನನ್ನು ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರುವ ಪದ್ಧತಿ ಇಂದಿಗೂ ನಿಂತಿಲ್ಲ. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯು ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲವೆಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಕ್ಕತಂಗಿಯರಲ್ಲೊಬ್ಬರು ವಿಭಾಗ ದಾವೆ ಹೂಡಿದರೆ ನಿಮ್ಮ ನಿವೇಶನ ವರ್ಷಗಟ್ಟಲೆ ನ್ಯಾಯಾಲಯದಲ್ಲಿರುತ್ತದೆ. ಮುಸ್ಲಿಮರೇ ಮಾರುತ್ತಿದ್ದರೆ ಈ ಚಿಂತೆಯಿಲ್ಲವೆಂದು ತಿಳಿಯಬೇಡಿ. ಅಲ್ಲಾಹನು ನಿಗದಿಪಡಿಸಿದ ಪಾಲನ್ನು ಸಹೋದರಿಗೆ ಕೊಡದೆ ಉಳಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ವಂಶವೃಕ್ಷ ಕೇಳಿ ಪಡೆಯಿರಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಲಿ. ಕೆರೆಯ ಅಂಗಳ, ಗೋಮಾಳ, 'ಬಿ' ಖರಾಬು, ಮುಜರಾಯಿ ಜಮೀನು, ವಕ್ಫ್ ಆಸ್ತಿ ಇವುಗಳ ಗೊಡವೆಗೆ ಹೋಗಲೇಬೇಡಿ.

ಮೋಸ ಹೋಗುವವರಲ್ಲಿ ಹೆಚ್ಚಿನವರು ಎಡವುವುದು 'ರೆವಿನ್ಯೂ ಸೈಟು' ಎಂಬಲ್ಲಿ. ಹೊಲವೊಂದರಲ್ಲಿ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು, ಕಮಾನು ಕಟ್ಟಿ, 30-40ರ ತುಂಡುಗಳನ್ನಾಗಿ ಮಾರುತ್ತಾರೆ. ಪಹಣಿಯಲ್ಲಿ ಅದಿನ್ನೂ ರಾಗಿ ಹೊಲವೇ. ಹೊಲ ನಿವೇಶನವಾಗಬೇಕಾದರೆ ಎರಡು ಹೆಜ್ಜೆಗಳಿವೆ, ಅವೆರಡೂ ಒಂದೇ ಎಂದು ಎಣಿಸುವುದೇ ದೊಡ್ಡ ತಪ್ಪು. ಮೊದಲನೆಯದು ಕೃಷಿಯೇತರ ಬಳಕೆಗೆ ಭೂ ಪರಿವರ್ತನೆ, ಜನರ ಮಾತಿನಲ್ಲಿ ಡಿ.ಸಿ. ಕನ್ವರ್ಷನ್. ಎರಡನೆಯದು ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ. ದೇವನಹಳ್ಳಿ ಸುತ್ತ ಅದು ಬಿಯಾಪಾ; ಹೊಸಕೋಟೆ, ನೆಲಮಂಗಲಗಳಿಗೆ ಅವುಗಳದೇ ಪ್ರಾಧಿಕಾರಗಳಿವೆ. ಪರಿವರ್ತನೆಯ ಆದೇಶ ತೋರಿಸಿ 'ಎಲ್ಲಾ ಕ್ಲಿಯರ್' ಎನ್ನುವವನ ಬಳಿ ನಕ್ಷೆ ಇರುವುದಿಲ್ಲ. ನಕ್ಷೆ ಇದ್ದರೂ ರಸ್ತೆ, ಚರಂಡಿ, ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ನಿಮ್ಮ ನಂಬರು ಇರಬಾರದು. ಬಡಾವಣೆಯ ಕೆಲಸ ಸಾಗಿದಂತೆ ನಿವೇಶನಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವುದುಂಟು, ಆ ಆದೇಶದಲ್ಲಿ ನಿಮ್ಮ ನಂಬರು ಇರಬೇಕು.

ಗ್ರಾಮ ಪಂಚಾಯಿತಿ ಕೊಟ್ಟ ಇ-ಸ್ವತ್ತು ಖಾತೆಯನ್ನು ತೋರಿಸುವವರಿದ್ದಾರೆ. ನಮೂನೆ 9 ಮತ್ತು 11ಎ ಒಂದು ಬಗೆಯಾದರೆ 11ಬಿ ಬೇರೆಯೇ ಬಗೆ. 11ಬಿ ಮುಖ್ಯವಾಗಿ ತೆರಿಗೆ ವಸೂಲಿಗೆಂದು ಬರೆದಿಟ್ಟ ದಾಖಲೆ, ಬಡಾವಣೆಗೆ ಮಂಜೂರಾತಿ ಸಿಕ್ಕಿತೆಂಬುದಕ್ಕೆ ಸಾಕ್ಷಿಯಲ್ಲ. ಯಾವ ಖಾತೆಯೂ ಒಡೆತನದ ಪತ್ರವಲ್ಲ ಎಂಬುದನ್ನೂ ನೆನಪಿಡಿ. ಹಾಗೆಯೇ ಜಿ.ಪಿ.ಎ. ಮೇಲೆ ಕೊಳ್ಳುವುದರಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪಿತ್ತಿದೆ. ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ., ಕನಿಷ್ಠ 30 ವರ್ಷದ್ದು ಬೇಕು. ಆದರೆ ಅದರಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಬಾಯಿಮಾತಿನ ಒಪ್ಪಂದ, ಉತ್ತರಾಧಿಕಾರದ ಪಾಲು, ಹಲವು ದಾವೆಗಳು ಅದರಲ್ಲಿ ಕಾಣುವುದಿಲ್ಲ. ಆದುದರಿಂದ ಹಳ್ಳಿಗೇ ಹೋಗಿ, ಅಕ್ಕಪಕ್ಕದ ಹೊಲದವರನ್ನು ಮಾತಾಡಿಸಿ. ಇ.ಸಿ.ಯಲ್ಲಿ ಇಲ್ಲದ ಸಂಗತಿ ಅರಳಿಕಟ್ಟೆಯಲ್ಲಿ ಸಿಗುವುದುಂಟು.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಬ್ಯಾಂಕಿನಿಂದ ಸಾಲ ಪಡೆಯುವವನ ಕಾಗದಗಳನ್ನು ಬ್ಯಾಂಕಿನ ವಕೀಲರು ತಮ್ಮ ಹಣ ಮುಳುಗದಿರಲೆಂದು ಒಮ್ಮೆಯಾದರೂ ಜಾಲಾಡುತ್ತಾರೆ. ಬಡ್ಡಿಯಿಂದ ದೂರವಿರಬೇಕೆಂದು ಕೈಯಿಂದಲೇ, ಕಂತುಗಳಲ್ಲಿ, ಪೂರ್ತಿ ಹಣ ಕಟ್ಟುವ ನಮ್ಮ ಸಹೋದರನಿಗೆ ಆ ಕಾವಲು ಇರುವುದಿಲ್ಲ. ಇದನ್ನು ಬಲ್ಲ ವರ್ತಕರು 'ಬಡ್ಡಿಯಿಲ್ಲದ ಸುಲಭ ಕಂತು' ಎಂದು ಮಸೀದಿಯ ಮುಂದೆಯೇ ಕರಪತ್ರ ಹಂಚಿಯಾರು. ನಿಮ್ಮದೇ ಖರ್ಚಿನಲ್ಲಿ, ಮಾರುವವನಿಗೆ ಸಂಬಂಧವಿಲ್ಲದ ವಕೀಲರಿಗೆ ಕಾಗದ ತೋರಿಸಿ. ಆ ಬಡಾವಣೆಗೆ ಯಾವುದಾದರೂ ಬ್ಯಾಂಕು ಸಾಲ ಕೊಡುತ್ತದೆಯೇ ಎಂದು ವಿಚಾರಿಸಿ. ನೀವು ಪಡೆಯದಿದ್ದರೂ ಉತ್ತರ ಉಪಯೋಗಕ್ಕೆ ಬರುತ್ತದೆ. ಬಡಾವಣೆಯ ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದು, ನಿವೇಶನಗಳು ಎಂಟಕ್ಕಿಂತ ಹೆಚ್ಚಿದ್ದರೆ 2016ರ ರೇರಾ ಕಾನೂನಿನಡಿ ನೋಂದಣಿ ಕಡ್ಡಾಯ. ಕರಾರುಪತ್ರ ನೋಂದಾಯಿಸುವ ಮೊದಲು ನೂರಕ್ಕೆ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಹೆಚ್ಚು ಕೇಳಿದವನಿಂದ ದೂರ ಸರಿಯಿರಿ.

ಬೆಲೆಯ ಬಗ್ಗೆ ದಲ್ಲಾಳಿಗಳು ಹೇಳುವುದರಲ್ಲಿ ಅರ್ಧ ಸುದ್ದಿ, ಅರ್ಧ ಕನಸು. 2008ರಲ್ಲಿ ವಿಮಾನ ನಿಲ್ದಾಣ ಬಂದಾಗ ದೇವನಹಳ್ಳಿಯ ಬೆಲೆ ಏರಿದ್ದು ನಿಜ. ಹಾಗೆಂದು ರಸ್ತೆ ಬರುತ್ತದೆ, ಪಾರ್ಕ್ ಬರುತ್ತದೆ ಎಂಬ ಪ್ರತಿ ಮಾತಿಗೂ ಹಣ ಸುರಿಯಲಾದೀತೇ? 2025ರ ಜುಲೈಯಲ್ಲಿ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿದ್ದನ್ನೂ ಬೆಲೆ ಏರಿಸುವ ಮಾತಾಗಿಸಿಕೊಂಡಾರು. ಅದೇ ತಿಂಗಳು ಇನ್ನೊಂದೂ ನಡೆಯಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ಬಳಿಕ, ಸರಕಾರ ಕೈಬಿಡುವುದಾಗಿ ಘೋಷಿಸಿತು. ಒಂದು ಅಧಿಸೂಚನೆ ಎಷ್ಟು ವರ್ಷ ನೆಲವನ್ನು ಹಿಡಿದಿಡಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ. ನಿಮ್ಮ ಸರ್ವೆ ನಂಬರಿನ ಮೇಲೆ ಕೆ.ಐ.ಎ.ಡಿ.ಬಿ.ಯ ಅಥವಾ ಹೆದ್ದಾರಿಯ ಅಧಿಸೂಚನೆ ಇದೆಯೇ ಎಂದು ಕೇಳಿ ತಿಳಿಯಿರಿ.

ಕ್ರಯದ ಹಣದಲ್ಲಿ ಅರ್ಧ 'ವೈಟ್', ಅರ್ಧ 'ಬ್ಲ್ಯಾಕ್' ಎಂಬ ಮಾತಿಗೆ ಒಪ್ಪಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ತೆರಿಗೆ ಕಾನೂನಿನಲ್ಲಿ ನಿಷಿದ್ಧ. ವ್ಯವಹಾರ ಮುರಿದುಬಿದ್ದರೆ ಬರೆದಿರದ ಹಣಕ್ಕೆ ದಾಖಲೆಯೇ ಇರುವುದಿಲ್ಲ, ಬರೆದದ್ದಕ್ಕೆ ಸಹಿ ಹಾಕಿದ ಸಾಕ್ಷಿಗಳೋ ಸುಳ್ಳು ನುಡಿದಂತಾಗುತ್ತದೆ. ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್; 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಗಿದೆ. 20 ಲಕ್ಷದ ನಿವೇಶನಕ್ಕೆ ಒಂದೂವರೆ ಲಕ್ಷ ಹೀಗೇ ಹೋಗುತ್ತದೆ. ಖಾಲಿ ನಿವೇಶನ ಬಾಡಿಗೆ ತರುವುದಿಲ್ಲ, ಬೇಕೆಂದ ದಿನ ಮಾರಾಟವೂ ಆಗದು. ಮುಂದಿನ ವರ್ಷದ ಮದುವೆಯ ಹಣವನ್ನು ಅದರಲ್ಲಿ ಹೂಡುವುದು ತರವಲ್ಲ.

ನೋಂದಣಿಯಾದ ಮೇಲೆ ಖಾತೆ ನಿಮ್ಮ ಹೆಸರಿಗೆ ಬದಲಾಗಬೇಕು, ಸುತ್ತ ಬೇಲಿಯಾಗಬೇಕು, ವರ್ಷಕ್ಕೊಮ್ಮೆ ಇ.ಸಿ. ತೆಗೆಸಿ ನೋಡಬೇಕು. ಆ ನಿವೇಶನವನ್ನು ವಾಸಕ್ಕೆಂದು ಕೊಂಡಿದ್ದರೆ ಅದರ ಮೇಲೆ ಝಕಾತ್ ಇಲ್ಲ. ಬೆಲೆ ಏರಿದಾಗ ಮಾರಬೇಕೆಂಬ ಉದ್ದೇಶದಿಂದಲೇ ಕೊಂಡದ್ದಾದರೆ ಅದು ವ್ಯಾಪಾರದ ಸರಕಾಗುತ್ತದೆ. ಹೆಚ್ಚಿನ ವಿದ್ವಾಂಸರ ಅಭಿಪ್ರಾಯದಂತೆ ಪ್ರತಿವರ್ಷವೂ ಅಂದಿನ ಮಾರುಕಟ್ಟೆ ಬೆಲೆಯ ನೂರಕ್ಕೆ ಎರಡೂವರೆಯಂತೆ ಝಕಾತ್ ತೆರಬೇಕು. ಆ ಹಣವನ್ನು ಎಲ್ಲಿಂದ ತರುವಿರೆಂದು ಮುಂಗಡ ಕೊಡುವ ಮೊದಲೇ ಲೆಕ್ಕ ಹಾಕಿಕೊಳ್ಳಿ.