ಮಾಂಸದ ಎಳೆಯಲ್ಲಿ ಸೂಕ್ಷ್ಮದರ್ಶಕ ಕಂಡದ್ದೇನು?

ಬೆಂದ ಮಾಂಸದ ಒಂದು ತುಂಡನ್ನು ಬೆರಳಿನಿಂದ ಬಿಡಿಸಿ ನೋಡಿ. ಅದು ದಾರದಂತೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ನಾವು ಮಾಂಸ ಎನ್ನುವುದು ಪ್ರಾಣಿಯ ಸ್ನಾಯು. ಅದು ನಡೆಯಲು, ಮೇಯಲು, ಉಸಿರಾಡಲು ಬಳಸಿದ ಅಂಗ. ಬಕ್ರೀದ್ ಬಂತೆಂದರೆ ಬೆಟ್ಟದಪುರದಲ್ಲಾಗಲಿ, ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಹೆಚ್.ಡಿ. ಕೋಟೆಯಲ್ಲಾಗಲಿ ಮಾಂಸ ಕತ್ತರಿಸುವುದು, ಪಾಲು ಮಾಡುವುದು, ಹಂಚುವುದು, ಅಡುಗೆ ಮಾಡುವುದು ಹೆಚ್ಚಾಗಿ ಮನೆಯವರ ಕೈಯಲ್ಲೇ ನಡೆಯುತ್ತದೆ. ಆದ್ದರಿಂದ ಈ ಎಳೆಯೊಳಗೆ ಏನಿದೆ, ಏನಿರಬಾರದು ಎಂಬುದನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಈ ಎಳೆಯನ್ನು ಮಸೂರದಡಿಯಲ್ಲಿ ಇಟ್ಟು ನೋಡಿದ ಮೊದಲಿಗರಲ್ಲಿ ಒಬ್ಬರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ (1632-1723). ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ, ಬಟ್ಟೆ ವ್ಯಾಪಾರಿ. ತಾವೇ ಉಜ್ಜಿ ತಯಾರಿಸಿದ ಪುಟ್ಟ ಮಸೂರಗಳಿಂದ ಅನೇಕ ಪ್ರಾಣಿಗಳ ಸ್ನಾಯುವನ್ನು ನೋಡಿ, ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಗಳಲ್ಲಿ ಬರೆಯುತ್ತಿದ್ದರು. ಸ್ನಾಯುವಿನ ಎಳೆಗಳ ಮೇಲೆ ಅಡ್ಡ ಪಟ್ಟೆಗಳಿವೆ ಎಂದು 1682ರಲ್ಲೇ ಅವರು ತಿಳಿಸಿದ್ದರು.

ಸುಮಾರು ನೂರೈವತ್ತು ವರ್ಷಗಳ ನಂತರ, 1840ರಲ್ಲಿ, ವಿಲಿಯಂ ಬೌಮನ್ ಎಂಬ ಇಂಗ್ಲಿಷ್ ವೈದ್ಯರು ಹಲವು ಬಗೆಯ ಪ್ರಾಣಿಗಳ ಸ್ನಾಯುವನ್ನು ಇನ್ನೂ ಉತ್ತಮ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನಮ್ಮ ಕಣ್ಣಿಗೆ ಒಂದೇ ಎಳೆ ಎಂದು ಕಾಣುವುದು ನಿಜವಾಗಿ ಅನೇಕ ತಂತುಗಳ ಕಟ್ಟು. ಒಂದೊಂದು ತಂತುವೂ ಕೂದಲಿನಷ್ಟು ಅಥವಾ ಅದಕ್ಕಿಂತ ತೆಳ್ಳಗೆ. ಪ್ರತಿ ತಂತುವಿನ ಸುತ್ತಲೂ ಒಂದು ನವಿರಾದ ಪೊರೆ ಇದೆ ಎಂಬುದನ್ನು ಬೌಮನ್ ವಿವರಿಸಿದರು. ಪಿಯುಸಿ ಜೀವಶಾಸ್ತ್ರ ಓದುವ ಮಕ್ಕಳು ಪ್ರಯೋಗಾಲಯದ ಗಾಜಿನ ಪಟ್ಟಿಯ ಮೇಲೆ ಈ ಅಡ್ಡ ಪಟ್ಟೆಗಳನ್ನು ಇಂದಿಗೂ ನೋಡಬಹುದು.

ಆದರೆ ಸೂಕ್ಷ್ಮದರ್ಶಕ ತೋರಿಸಿದ್ದು ಸ್ನಾಯುವಿನ ರಚನೆಯನ್ನು ಮಾತ್ರವಲ್ಲ. 1835ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವಿದ್ಯಾರ್ಥಿ ಒಂದು ಮೃತದೇಹದ ಸ್ನಾಯುಗಳಲ್ಲಿ ಮರಳಿನ ಕಾಳಿನಂತಹ ಬಿಳಿ ಚುಕ್ಕೆಗಳನ್ನು ಕಂಡರು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ವಿಜ್ಞಾನಿ ರಾಬರ್ಟ್ ಬ್ರೌನ್ ಅವರಿಂದ ಸೂಕ್ಷ್ಮದರ್ಶಕ ಪಡೆದು ನೋಡಿದಾಗ ಪ್ರತಿ ಚುಕ್ಕೆಯೊಳಗೂ ಒಂದು ಹುಳು ಸುರುಳಿ ಸುತ್ತಿಕೊಂಡು ಮಲಗಿತ್ತು! 1860ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ವಿಷಮಶೀತ ಜ್ವರ ಎಂದು ಭಾವಿಸಲಾಗಿದ್ದ ಯುವತಿಯೊಬ್ಬಳು ಮೃತಪಟ್ಟಳು. ವೈದ್ಯ ಝೆಂಕರ್ ಆಕೆಯ ಸ್ನಾಯುವನ್ನು ಪರೀಕ್ಷಿಸಿದಾಗ ಅದೇ ಹುಳುಗಳು ಕಂಡವು. ಅವು ಹಂದಿ ಮಾಂಸದಿಂದ ಬಂದಿದ್ದವು. ಆನಂತರವೇ ಜರ್ಮನಿಯಲ್ಲಿ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮಾರುವ ಪದ್ಧತಿ ಬೆಳೆಯಿತು.

ಹಂದಿ ಮಾಂಸ ನಮಗೆ ನಿಷಿದ್ಧ, ಹಾಗಾದರೆ ನಮಗೆ ಈ ಭಯವಿಲ್ಲ ಎಂದು ಯಾರಾದರೂ ಹೇಳಬಹುದು. ಆ ಹುಳುವಿನ ಮಟ್ಟಿಗೆ ಅದು ಬಹುತೇಕ ಸರಿ. ಆದರೆ 1860ರ ದಶಕದ ಆರಂಭದಲ್ಲಿ ಜರ್ಮನಿಯ ಲ್ಯೂಕಾರ್ಟ್ ಎಂಬ ವಿಜ್ಞಾನಿ ಮನುಷ್ಯರ ಕರುಳಿನ ಲಾಡಿಹುಳುವಿನ ಮೊಟ್ಟೆಗಳನ್ನು ಕರುಗಳಿಗೆ ತಿನ್ನಿಸಿ ನೋಡಿದರು. ಕೆಲವು ವಾರಗಳಲ್ಲಿ ಆ ಕರುಗಳ ಸ್ನಾಯುವಿನಲ್ಲಿ ನೀರು ತುಂಬಿದ ಗುಳ್ಳೆಗಳು ಮೂಡಿದ್ದವು. ಇಂತಹ ಮಾಂಸ ಅರೆಬೆಂದು ಹೊಟ್ಟೆಗೆ ಹೋದರೆ ಗುಳ್ಳೆಯೊಳಗಿನ ಮರಿ ಕರುಳಿನಲ್ಲಿ ಹಲವು ಮೀಟರ್ ಉದ್ದದ ಲಾಡಿಹುಳುವಾಗಿ ಬೆಳೆಯುತ್ತದೆ. ದನ, ಎಮ್ಮೆ ಜಾತಿಯ ಪ್ರಾಣಿಗಳಿಗೆ ಈ ಮೊಟ್ಟೆ ತಲುಪುವುದು ಮನುಷ್ಯರ ಮಲದಿಂದ ಕೆಟ್ಟ ಹುಲ್ಲು, ನೀರಿನ ಮೂಲಕ. ಅಂದರೆ ಬಯಲು ಶೌಚ ನಿಂತರೆ ಈ ಹುಳುವಿನ ದಾರಿಯೂ ಮುಚ್ಚುತ್ತದೆ.

ಕುರಿ, ಮೇಕೆಗಳಲ್ಲಿ ನೋಡಬೇಕಾದದ್ದು ಬೇರೆ. ಅವುಗಳ ಕಲೇಜಿ ಮತ್ತು ಪುಪ್ಪುಸಗಳಲ್ಲಿ ಕೆಲವೊಮ್ಮೆ ನೀರುಗುಳ್ಳೆಗಳು ಇರುತ್ತವೆ. ಅದನ್ನು ನಾಯಿಗೆ ಎಸೆದರೆ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳುಗಳು ಬೆಳೆಯುತ್ತವೆ. ನಾಯಿಯ ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ಕೈಗೆ, ಸೊಪ್ಪು ತರಕಾರಿಗೆ ಅಂಟಿ ಮಕ್ಕಳ ಹೊಟ್ಟೆ ಸೇರಿದರೆ ಅದೇ ಗುಳ್ಳೆ ಮನುಷ್ಯನ ಯಕೃತ್ತಿನಲ್ಲಿ ವರ್ಷಗಟ್ಟಲೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಬ್ಬದ ದಿನ ತ್ಯಾಜ್ಯವನ್ನು ಬೀದಿಗೆ ಎಸೆಯಬಾರದು ಎನ್ನುವುದಕ್ಕೆ ದುರ್ವಾಸನೆಯೊಂದೇ ಕಾರಣವಲ್ಲ.

ಪ್ರಾಣಿಯನ್ನು ಹೇಗೆ ನಡೆಸಿಕೊಂಡೆವು ಎಂಬುದೂ ಮಾಂಸದಲ್ಲಿ ಉಳಿಯುತ್ತದೆ. ವಿಶ್ರಾಂತಿ ಪಡೆದ ಪ್ರಾಣಿಯ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹ ಇರುತ್ತದೆ. ಝಬಹ್ ಆದ ನಂತರ ಅದು ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗಿ ಮಾಂಸಕ್ಕೆ ಸ್ವಲ್ಪ ಹುಳಿ ಗುಣ ಬರುತ್ತದೆ. ಇದು ರೋಗಾಣುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ದೂರದಿಂದ ಲಾರಿಯಲ್ಲಿ ತುಂಬಿ ತಂದ, ಹಸಿದ, ಹೆದರಿದ ಪ್ರಾಣಿಯಲ್ಲಿ ಆ ಸಂಗ್ರಹ ಮೊದಲೇ ಮುಗಿದಿರುತ್ತದೆ. ಅದರ ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತದೆ. ಪ್ರಾಣಿಗೆ ನೀರು, ವಿಶ್ರಾಂತಿ ಕೊಡಿ, ಅದನ್ನು ಹಿಂಸಿಸಬೇಡಿ, ಕತ್ತಿ ಹರಿತವಾಗಿರಲಿ ಎಂದು ನಮ್ಮ ಧರ್ಮ ಕಲಿಸುವ ದಯೆ ತನ್ನಷ್ಟಕ್ಕೇ ಪುಣ್ಯದ ಕೆಲಸ. ಅದರಲ್ಲಿ ತಿನ್ನುವವರ ಆರೋಗ್ಯವೂ ಅಡಗಿದೆ.

ಇನ್ನು ಅಡುಗೆಮನೆಗೆ ಬರೋಣ. ಆರೋಗ್ಯವಂತ ಪ್ರಾಣಿಯ ಸ್ನಾಯುವಿನ ಒಳಭಾಗದಲ್ಲಿ ರೋಗಾಣುಗಳು ಬಹಳ ಕಡಿಮೆ. ಅವು ಚರ್ಮದಿಂದ, ಕರುಳಿನಿಂದ, ಕತ್ತಿ ಮತ್ತು ಕೈಗಳಿಂದ ಮಾಂಸದ ಮೇಲ್ಮೈಗೆ ಅಂಟುತ್ತವೆ. ಖೀಮಾ ಮಾಡಿದಾಗ ಮೇಲ್ಮೈಯಲ್ಲಿದ್ದದ್ದೆಲ್ಲ ಒಳಗೂ ಬೆರೆಯುತ್ತದೆ. ಹೊರಗೆ ಕೆಂಪಗೆ ಹುರಿದು ಒಳಗೆ ಹಸಿ ಉಳಿದ ಕಬಾಬ್ ಅದಕ್ಕೇ ಅಪಾಯಕಾರಿ. ಈ ಕೆಳಗಿನವನ್ನು ರೂಢಿ ಮಾಡಿಕೊಳ್ಳಿ:

1. ಜ್ವರ, ಭೇದಿ ಇರುವ, ಮಂಕಾಗಿ ನಿಂತ ಪ್ರಾಣಿಯನ್ನು ಕೊಳ್ಳಬೇಡಿ. ಸಂದೇಹವಿದ್ದರೆ ಪಶುವೈದ್ಯರಿಗೆ ತೋರಿಸಿ.

2. ಮಾಂಸದಲ್ಲಾಗಲಿ, ಕಲೇಜಿಯಲ್ಲಾಗಲಿ ಗುಳ್ಳೆ ಕಂಡರೆ ಅದನ್ನು ಒಡೆಯಬೇಡಿ, ಹಂಚಬೇಡಿ, ನಾಯಿಗೆ ಹಾಕಬೇಡಿ. ನಾಯಿ ಕೆದಕಲಾಗದಷ್ಟು ಆಳವಾಗಿ ಹೂಳಿ ಅಥವಾ ಸುಟ್ಟುಬಿಡಿ.

3. ಕರುಳು, ಬೋಟಿ ಸ್ವಚ್ಛ ಮಾಡುವ ಜಾಗ, ಕತ್ತಿ, ಹಲಗೆ ಬೇರೆ ಇರಲಿ. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ರೊಟ್ಟಿ, ಈರುಳ್ಳಿ, ಮಗುವಿನ ಹಾಲಿನ ಬಾಟಲಿ ಮುಟ್ಟಬೇಡಿ.

4. ಮಾಂಸವನ್ನು ನಲ್ಲಿಯ ರಭಸದ ನೀರಿನಡಿ ಹಿಡಿಯಬೇಡಿ, ಸುತ್ತಲೂ ಸಿಡಿಯುತ್ತದೆ. ತೊಳೆಯುವುದಾದರೆ ಪಾತ್ರೆಯೊಳಗೆ ನಿಧಾನವಾಗಿ ತೊಳೆದು ಆ ಜಾಗವನ್ನೂ ಶುಚಿಮಾಡಿ.

5. ಹಸಿ ಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಸೆಖೆ ಜಾಸ್ತಿ ಇದ್ದರೆ ಒಂದೇ ಗಂಟೆ. ಫ್ರಿಜ್‌ನಲ್ಲಿ ದೊಡ್ಡ ರಾಶಿಯಾಗಿ ತುರುಕದೆ ಸಣ್ಣ ಪೊಟ್ಟಣ ಮಾಡಿ ಇಡಿ. ದೊಡ್ಡ ರಾಶಿಯ ನಡುಭಾಗ ಬಹಳ ಹೊತ್ತು ತಣ್ಣಗಾಗುವುದಿಲ್ಲ.

6. ಮಾಂಸದ ನಡುಭಾಗದವರೆಗೂ ಬೇಯಲಿ. ಖೀಮಾದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದವರು ದಪ್ಪ ಕಬಾಬನ್ನು ಮುರಿದು ನೋಡಿ. ನಡುವೆ ಕೆಂಪು ಅಥವಾ ಕೆಂಪು ರಸ ಉಳಿದಿದ್ದರೆ ಮತ್ತೆ ಒಲೆಗೆ ಇಡಿ.

ಪ್ಯಾಜೆಟ್ ಕಂಡ ಚುಕ್ಕೆಗಳನ್ನು ಅವರಿಗಿಂತ ಮೊದಲೂ ಹಲವರು ನೋಡಿದ್ದರು. ಮಸೂರದಡಿ ಇಟ್ಟು ನೋಡುವ ತಾಳ್ಮೆ ತೋರಿದ್ದು ಆ ವಿದ್ಯಾರ್ಥಿ. ನಮ್ಮ ಮನೆಗಳಲ್ಲಿ ಸೂಕ್ಷ್ಮದರ್ಶಕ ಇಲ್ಲ. ಆದರೆ ನೋಡುವ ಕಣ್ಣು, ತೊಳೆದ ಕೈ, ಚೆನ್ನಾಗಿ ಉರಿಯುವ ಒಲೆ ಎಲ್ಲರ ಮನೆಯಲ್ಲೂ ಇವೆ. ಖುರ್ಬಾನಿಯ ಮೂರನೆಯ ಒಂದು ಪಾಲು ಬಡವರ ಮನೆಗೆ ಹೋಗುವಾಗ ಅದು ನಾವು ನಮ್ಮ ಮಕ್ಕಳಿಗೆ ಬಡಿಸುವಷ್ಟೇ ಶುಚಿಯಾಗಿ ಹೋಗಲಿ.